ಡಾಲ್ಫಿನ್‌ಗೆ ಬಣ್ಣ ಹೊಡೆಯುವವರು ಯಾರು?

ಕರ್ನಾಟಕದ ಸ್ಪೋರ್ಟ್ಸ್ ಕಾರು ಯಾವುದು ಎಂದು ಕೇಳಿದರೆ ಎರಡು ಹೆಸರು ನೆನಪಿಗೆ ಬರುತ್ತವೆ. ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್ 1982ರಲ್ಲಿ ರಸ್ತೆಗೆ ಬಂತು. ಬ್ರಿಟನ್ನಿನ ರಿಲಯಂಟ್ ಕಿಟನ್ ಎಂಬ ಪುಟ್ಟ ಕಾರಿನ ನಕ್ಷೆ, 848 ಸಿ.ಸಿ. ಎಂಜಿನ್, ಎರಡೇ ಬಾಗಿಲು, ಮೈಯೆಲ್ಲ ಫೈಬರ್. ಮಾರುತಿ 800 ಬಂದ ಮೇಲೆ ಮನೆಮಂದಿಯೆಲ್ಲ ಅದರ ಹಿಂದೆ ಹೋದರು. ಡಾಲ್ಫಿನ್‌ನ ಕೈಹಿಡಿದವರು ರ‍್ಯಾಲಿ ಓಡಿಸುವವರು. ಮೈ ಹಗುರ, ಎಂಜಿನ್ ಚುರುಕು, ಕಚ್ಚಾ ರಸ್ತೆಯಲ್ಲಿ ತಿರುವಿಗೆ ತಕ್ಕಂತೆ ಬಳುಕುವ ಗುಣ ಅವರಿಗೆ ಹಿಡಿಸಿತು. ಇನ್ನೊಂದು ಸ್ಯಾನ್ ಸ್ಟಾರ್ಮ್. ಬೆಂಗಳೂರು ಮೂಲದ ಕಂಪನಿ 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ಕಟ್ಟಿದ ಎರಡು ಸೀಟಿನ, ಚಾವಣಿ ತೆಗೆದು ಓಡಿಸಬಹುದಾದ ಕಾರು ಅದು. 1149 ಸಿ.ಸಿ.ಯ ರೆನೋ ಎಂಜಿನ್. ಅದರ ಮೈಯೂ ಫೈಬರೇ.

ಇವೆರಡೂ ಅಪರೂಪ. ನಮ್ಮ ತಾಲ್ಲೂಕುಗಳ ಶೆಡ್ಡುಗಳಲ್ಲಿ, ಅಡಿಕೆ ತೋಟದ ಮನೆಗಳ ಪಡಸಾಲೆ ಪಕ್ಕದಲ್ಲಿ ಹೆಚ್ಚಾಗಿ ನಿಂತಿರುವುದು ಬೇರೆ ಗಾಡಿಗಳು: 1984ರಿಂದ 2002ರವರೆಗೆ ಹಿಂದೂಸ್ತಾನ್ ಮೋಟರ್ಸ್ ತಯಾರಿಸಿದ ಕಾಂಟೆಸ್ಸಾ, 2000ದ ಆಸುಪಾಸಿನ ಹೋಂಡಾ ಸಿಟಿ ವಿಟೆಕ್, ಫಿಯಟ್ ಪಾಲಿಯೋ 1.6, ಮಾರುತಿ ಜಿಪ್ಸಿ. ಹೊಸತರಲ್ಲಿ ಇವುಗಳ ವೇಗಕ್ಕೆ ಊರೇ ತಿರುಗಿ ನೋಡುತ್ತಿತ್ತು. ಈಗ ಬಾನೆಟ್ ಮೇಲೆ ಬಿಸಿಲಿಗೆ ಬಣ್ಣ ಬೂದಿಯಾಗಿದೆ, ಚಕ್ರದ ಕಮಾನಿನಲ್ಲಿ ತುಕ್ಕು ಉಬ್ಬಿದೆ. ಎಂಜಿನ್ ಗಟ್ಟಿ ಇದ್ದರೂ ಮೈ ನೋಡಿ ಗುಜರಿಗೆ ಹಾಕುವ ಮಾತು ಮನೆಯಲ್ಲಿ ಶುರುವಾಗಿರುತ್ತದೆ. ಗಾಡಿ ಉಳಿಯುವುದೋ ಹೋಗುವುದೋ ಎಂಬುದು ಎಷ್ಟೋ ಸಲ ಒಂದೇ ಪ್ರಶ್ನೆಯ ಮೇಲೆ ನಿಂತಿರುತ್ತದೆ. ಕೈಗೆಟಕುವ ದರದಲ್ಲಿ, ಮರ್ಯಾದೆಯಾಗಿ, ಇದಕ್ಕೆ ಯಾರು ಬಣ್ಣ ಹೊಡೆದುಕೊಡುತ್ತಾರೆ?

ದೊಡ್ಡ ಊರಿನ ಕಂಪನಿ ಸರ್ವಿಸ್ ಸೆಂಟರ್‌ಗಳ ಲೆಕ್ಕ ಬೇರೆ. ಅಲ್ಲಿ ಕೆಲಸ ನಡೆಯುವುದು ಇನ್ಶೂರೆನ್ಸ್ ಮೇಲೆ. ಕಂಪ್ಯೂಟರಿನಲ್ಲಿ ಕಲರ್ ಕೋಡ್ ಇರಬೇಕು, ಬಾಗಿಲು ಹಾಳಾದರೆ ಹೊಸ ಬಾಗಿಲು ಸಿಗಬೇಕು. ಇಪ್ಪತ್ತು-ಮೂವತ್ತು ವರ್ಷದ ಗಾಡಿಗೆ ಸಾಮಾನ್ಯವಾಗಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇರುವುದರಿಂದ ಬಣ್ಣದ ಪೂರ್ತಿ ಖರ್ಚು ಮಾಲೀಕನ ಜೇಬಿನಿಂದಲೇ ಹೋಗಬೇಕು. ಕಾಂಟೆಸ್ಸಾದ ಬಾಗಿಲು ಯಾವ ಗೋದಾಮಿನಲ್ಲೂ ಇಲ್ಲ. ಇರುವ ಬಾಗಿಲನ್ನೇ ತಟ್ಟಿ, ಕತ್ತರಿಸಿ, ತೇಪೆ ಬೆಸೆದು ಸರಿಮಾಡಬೇಕು. ಆ ಕೈಗಳು ಇನ್ನೂ ಇರುವುದು ತಾಲ್ಲೂಕು ಊರುಗಳ ಟಿಂಕರಿಂಗ್-ಪೇಂಟಿಂಗ್ ಶೆಡ್ಡುಗಳಲ್ಲಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹಳೇ ಕಾರಿನವರು ಬೆಂಗಳೂರಿನ ಕಡೆ ಮುಖಮಾಡುವ ಮೊದಲು ತಮ್ಮ ಊರಿನ ಈ ಶೆಡ್ಡುಗಳನ್ನು ಸರಿಯಾಗಿ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಟ್ರ್ಯಾಕ್ಟರ್, ಟಿಪ್ಪರ್, ಖಾಸಗಿ ಬಸ್ಸು, ಭತ್ತ ಕೊಯ್ಯುವ ಹಾರ್ವೆಸ್ಟರ್‌ಗಳ ಮೇಲೆ ವರ್ಷಗಟ್ಟಲೆ ಪಳಗಿದ ಕೈ ಅದು.

ಅಗ್ಗ ಎಂಬುದು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಇನ್ಶೂರೆನ್ಸಿನವರ ಒಂದು ನಿಯಮವೇ ಸಾಕು. ಪಾಲಿಸಿಯಲ್ಲಿ ಬಣ್ಣದ ಖರ್ಚಿಗೆ ಸವಕಳಿ ಕಳೆಯುವುದು ಮಾಲಿನ ಮೇಲೆ ಮಾತ್ರ, ಶೇ 50ರಂತೆ. ಮಾಲು, ಮಜೂರಿ ಬೇರೆ ಬೇರೆ ತೋರಿಸದೆ ಒಟ್ಟು ಬಿಲ್ ಕೊಟ್ಟರೆ ಅದರಲ್ಲಿ ಶೇ 25ರಷ್ಟನ್ನು ಮಾಲು ಎಂದು ಹಿಡಿಯುತ್ತಾರೆ. ಅಂದರೆ ಮುಕ್ಕಾಲು ಪಾಲು ಮಜೂರಿ ಎಂದು ಅವರೇ ಒಪ್ಪಿಕೊಂಡಂತಾಯಿತು. ಹಳೇ ಗಾಡಿಯಲ್ಲಿ ಕೂಲಿಯ ಪಾಲು ಇನ್ನೂ ಹೆಚ್ಚು. ಹಾಗಿರುವಾಗ ಅಗ್ಗದ ಪ್ರೈಮರ್, ಅಗ್ಗದ ಥಿನ್ನರ್ ತಂದು ಉಳಿಸುವ ದುಡ್ಡು ಒಟ್ಟು ಖರ್ಚಿನಲ್ಲಿ ಒಂದು ಚೂರು. ಆ ಚೂರಿಗಾಗಿ ಹದಿನೈದು-ಇಪ್ಪತ್ತು ದಿನದ ದುಡಿಮೆ ಹಾಳಾಗಬಾರದು. ಉಳಿತಾಯ ಬೇಕಾದರೆ ಅದನ್ನು ಮಜೂರಿಯ ಗಂಟೆಗಳಲ್ಲಿ ಹುಡುಕಬೇಕು, ಅದೂ ಪೇಂಟರನ ಕೂಲಿ ಕಡಿಮೆ ಮಾಡಿ ಅಲ್ಲ, ಕೆಲಸವನ್ನೇ ಕಡಿಮೆ ಮಾಡಿ.

ಕೆಲಸ ಕಡಿಮೆ ಮಾಡುವ ಮೊದಲ ದಾರಿ ಬಣ್ಣ ಬದಲಿಸದಿರುವುದು. ಕೆಂಪು ಕಾರು ಕೆಂಪಾಗಿಯೇ ಉಳಿದರೆ ಬಾಗಿಲ ಒಳಅಂಚು, ಡಿಕ್ಕಿಯ ಒಳಗೆ, ಎಂಜಿನ್ ಗೂಡು ಮುಟ್ಟಬೇಕಾಗಿಲ್ಲ. ಬಣ್ಣ ಬದಲಾದರೆ ಅಷ್ಟೂ ಬಿಚ್ಚಬೇಕು, ಇಲ್ಲದಿದ್ದರೆ ಬಾಗಿಲು ತೆರೆದಾಗಲೆಲ್ಲ ಹಳೇ ಬಣ್ಣ ಇಣುಕುತ್ತದೆ. ಜೊತೆಗೆ ಆರ್‌ಟಿಓ ಕಚೇರಿಯಲ್ಲಿ ಆರ್‌ಸಿ ತಿದ್ದಿಸಬೇಕು. ಮಿಲಿಟರಿಯವರ ಆಲಿವ್ ಹಸಿರಂತೂ ಖಾಸಗಿ ಗಾಡಿಗೆ ಕಾನೂನಿನಲ್ಲೇ ಇಲ್ಲ. ಜಿಪ್ಸಿ ಇಟ್ಟುಕೊಂಡ ಹುಡುಗರು ಇದನ್ನು ನೆನಪಿಡಬೇಕು.

ಎರಡನೆಯದು, ಬಿಚ್ಚುವ ಕೆಲಸ. ಬಂಪರ್, ಲ್ಯಾಂಪು, ಕನ್ನಡಿ, ಬೀಡಿಂಗ್, ಬಾಗಿಲ ಹಿಡಿಕೆ ಇವನ್ನೆಲ್ಲ ಮಾಲೀಕನೇ ಮನೆಯಲ್ಲಿ ಬಿಚ್ಚಿ, ಒಂದೊಂದರ ಬೋಲ್ಟನ್ನೂ ಬೇರೆ ಬೇರೆ ಕವರಿಗೆ ಹಾಕಿ ಹೆಸರು ಬರೆದಿಟ್ಟುಕೊಂಡರೆ ಶೆಡ್ಡಿನಲ್ಲಿ ದಿನಗಳೇ ಉಳಿಯುತ್ತವೆ. ಬಿಚ್ಚದೆ ಪೇಪರ್ ಅಂಟಿಸಿ ಹೊಡೆದ ಬಣ್ಣ ಅಂಚಿನಲ್ಲೇ ಮೊದಲು ಏಳುತ್ತದೆ. ಹಳೇ ಗಾಡಿಯ ರಬ್ಬರ್ ಬೀಡಿಂಗ್ ಕೆಳಗೇ ತುಕ್ಕು ಅಡಗಿರುತ್ತದೆ, ಬಿಚ್ಚದಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಪೇಂಟರ್ ಒಪ್ಪಿದರೆ ವಾಟರ್ ಪೇಪರ್ ಹಿಡಿದು ತಿಕ್ಕುವುದನ್ನೂ ಮಾಲೀಕ ಮಾಡಬಹುದು. ಮರದ ತುಂಡಿಗೆ ಸುತ್ತಿ, ನೀರು ಬಿಟ್ಟುಕೊಂಡು, ಅವರು ತೋರಿಸಿದ ದಿಕ್ಕಿನಲ್ಲೇ ತಿಕ್ಕಬೇಕು. ಬರಿ ಬೆರಳಲ್ಲಿ ತಿಕ್ಕಿದರೆ ಬೆರಳಿನ ಗೀರು ಬಣ್ಣದ ಕೆಳಗೆ ಹೊಳೆಯುತ್ತದೆ. 80 ನಂಬರಿನ ಪೇಪರಿನಿಂದ ಶುರುವಾಗಿ 180, 320, 400 ಎಂದು ಏರುತ್ತ, ಕೊನೆಯ ಪಾಲಿಷಿಗೆ 1500, 2000ದವರೆಗೆ ಹೋಗುವ ಈ ತಿಕ್ಕಾಟವೇ ಬಣ್ಣದ ಕೆಲಸದ ಬಹುಪಾಲು. ಗನ್ ಹಿಡಿದು ಬಣ್ಣ ಹೊಡೆಯುವುದು ಒಂದು ಮಧ್ಯಾಹ್ನದ ಮಾತು. ನೆಲ ಹದ ಮಾಡದೆ ಬಿತ್ತಿದ ಬೀಜದಂತೆ, ಕೆಳಗಿನ ಮೈ ಸರಿಯಿಲ್ಲದೆ ಹೊಡೆದ ಬಣ್ಣ ಹುಟ್ಟುವಾಗಲೇ ಸೋತಿರುತ್ತದೆ.

ಮೂರನೆಯದು ಬಣ್ಣದ ಜಾತಿ. ಮೆಟಾಲಿಕ್ ಆದರೆ ಮೊದಲು ಬಣ್ಣ, ಮೇಲೆ ಕ್ಲಿಯರ್ ಕೋಟ್ ಎಂದು ಎರಡು ಹಂತ. ಅದರೊಳಗಿನ ಅಲ್ಯೂಮಿನಿಯಂ ಚೂರುಗಳು ಗನ್ನಿನ ದೂರ, ಗಾಳಿಯ ಒತ್ತಡ ಬದಲಾದಂತೆಲ್ಲ ಬೇರೆ ಬೇರೆ ದಿಕ್ಕಿಗೆ ಮಲಗುತ್ತವೆ. ಹಾಗಾಗಿ ನಾಳೆ ಒಂದು ಬಾಗಿಲಿಗೆ ಗೀರು ಬಿದ್ದರೆ ಅದನ್ನು ಪಕ್ಕದ ಬಾಗಿಲಿಗೆ ಹೊಂದಿಸುವುದು ದೊಡ್ಡ ಸಾಹಸ. ಸಾಲಿಡ್ ಬಣ್ಣ, ಅಂದರೆ ಬಿಳಿ, ಕಪ್ಪು, ಕೆಂಪು, ಹಳದಿಗಳನ್ನು ಹಾರ್ಡನರ್ ಬೆರೆಸಿ ಹೊಡೆಯುವ ಟೂ-ಕೆ ಪಿಯು ಪೇಂಟಿನಲ್ಲಿ ಒಂದೇ ಹಂತದಲ್ಲಿ ಮುಗಿಸಬಹುದು. ಆ ಕಾಲದ ಸ್ಪೋರ್ಟ್ಸ್ ಕಾರಿಗೆ ಒಪ್ಪುವುದೂ ಅದೇ. ಕೆಂಪು, ಹಳದಿಯವರಿಗೆ ಮಾತ್ರ ಒಂದು ಎಚ್ಚರಿಕೆ: ಇವೆರಡೂ ಬಣ್ಣ ಕೆಳಗಿನದನ್ನು ಮುಚ್ಚುವುದರಲ್ಲಿ ದುರ್ಬಲ. ಬಿಳಿ ಪ್ರೈಮರಿನ ಮೇಲೆ ಒಂದು ಕಡೆ, ಬೂದು ಪ್ರೈಮರಿನ ಮೇಲೆ ಇನ್ನೊಂದು ಕಡೆ ಹೊಡೆದರೆ ಬಿಸಿಲಿಗೆ ನಿಲ್ಲಿಸಿದ ಕೂಡಲೇ ಎರಡು ಬಣ್ಣವಾಗಿ ಕಾಣುತ್ತದೆ. ಇಡೀ ಮೈಗೆ ಒಂದೇ ಪ್ರೈಮರ್ ಹೊಡೆಸಬೇಕು.

ದುಡ್ಡು ಉಳಿಸಬಾರದ ಜಾಗ ತುಕ್ಕು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ದೀಪಾವಳಿಗೆ ಚಂದ ಕಂಡ ಗಾಡಿ ಮುಂದಿನ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ತೂತಾದ ತಗಡನ್ನು ಕತ್ತರಿಸಿ ತೆಗೆದು, ಹೊಸ ತಗಡು ಬೆಸೆದು, ಎಪಾಕ್ಸಿ ಪ್ರೈಮರ್ ಹೊಡೆದ ಮೇಲೆಯೇ ಪುಟ್ಟಿಯ ಮಾತು. ಕೊಳ್ಳುವ ಹಳೇ ಗಾಡಿಯಲ್ಲಿ ಯಾರೋ ಈ ಕಳ್ಳ ಕೆಲಸ ಮಾಡಿದ್ದಾರೆಯೇ ಎಂದು ನೋಡಲು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಸಾಕು. ದಪ್ಪ ಪುಟ್ಟಿ ಇರುವ ಕಡೆ ಅದು ಹಿಡಿಯದೆ ಜಾರುತ್ತದೆ. ಕಾರ್ಖಾನೆಯ ಬಣ್ಣ ಪ್ರೈಮರಿನಿಂದ ಮೇಲಿನ ಹೊಳಪಿನವರೆಗೆ ಎಲ್ಲ ಸೇರಿ ಸುಮಾರು 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು. ಅದಕ್ಕಿಂತ ಎಷ್ಟೋ ಪಟ್ಟು ದಪ್ಪವಿರುವ ಕಡೆ ಏನೋ ಮುಚ್ಚಿದ್ದಾರೆ ಎಂದೇ ಲೆಕ್ಕ.

ಡಾಲ್ಫಿನ್, ಸ್ಯಾನ್ ಸ್ಟಾರ್ಮ್‌ಗಳಿಗೆ ಈ ಪಾಠ ಪೂರ್ತಿ ಅನ್ವಯಿಸುವುದಿಲ್ಲ. ಫೈಬರಿಗೆ ತುಕ್ಕಿಲ್ಲ, ಅಯಸ್ಕಾಂತದ ಪರೀಕ್ಷೆಯೂ ಇಲ್ಲ, ಸುತ್ತಿಗೆಯಿಂದ ತಟ್ಟಿ ಡೆಂಟ್ ಎಬ್ಬಿಸುವ ಮಾತೂ ಇಲ್ಲ. ಅದರ ಕಾಯಿಲೆ ಬಿರುಕು. ಮೇಲಿನ ಜೆಲ್‌ಕೋಟ್ ಪದರದಲ್ಲಿ ನಕ್ಷತ್ರದ ಹಾಗೆ ಸಣ್ಣ ಬಿರುಕುಗಳು ಹರಡುತ್ತವೆ. ಅದರ ಮೇಲೆ ಪುಟ್ಟಿ ಎಳೆದರೆ ಗಾಡಿ ಹಳ್ಳಕ್ಕೆ ಬಿದ್ದು ಎದ್ದಾಗ ಅದೇ ಬಿರುಕು ಅದೇ ಜಾಗದಲ್ಲಿ ಮತ್ತೆ ಕಾಣುತ್ತದೆ. ಬಿರುಕಿನ ಉದ್ದಕ್ಕೂ ಕೊರೆದು ಅಗಲ ಮಾಡಿ, ಹಿಂಬದಿಯಿಂದ ಗ್ಲಾಸ್ ಮ್ಯಾಟ್ ಮತ್ತು ರೆಸಿನ್ ಹಾಕಿ ಕಟ್ಟಿ, ಆಮೇಲೆ ಮುಂಬದಿ ತುಂಬಬೇಕು. ಹಳೇ ಬಣ್ಣ ತೆಗೆಯಲು ತಗಡಿನ ಗಾಡಿಗೆ ಬಳಿಯುವ ಪೇಂಟ್ ರಿಮೂವರ್ ಫೈಬರನ್ನೇ ತಿಂದುಬಿಡುತ್ತದೆ, ಇಲ್ಲಿ ಕೈಯಲ್ಲಿ ತಿಕ್ಕುವುದೊಂದೇ ದಾರಿ. ಬಣ್ಣ ಹೊಡೆಯುವ ಮೊದಲು ಒಂದಷ್ಟು ದಿನ ಬಿಸಿಲಿಗೆ ಬಿಡುವುದು ಒಳ್ಳೆಯದು. ಪದರದೊಳಗೆ ಸಿಕ್ಕಿಕೊಂಡ ಗಾಳಿ ಇದ್ದರೆ ಆಗಲೇ ಗುಳ್ಳೆಯಾಗಿ ಹೊರಬರುತ್ತದೆ. ದೊಡ್ಡ ಊರಿನ ಪೇಂಟ್ ಬೂತ್‌ನಲ್ಲಿ 60 ಡಿಗ್ರಿ ಬಿಸಿಗೆ ಬೇಯಿಸಿದಾಗ ಈ ಗುಳ್ಳೆ ಹೊಸ ಬಣ್ಣದ ಮೇಲೇ ಏಳುವುದುಂಟು. ಗಾಳಿಗೆ ನಿಧಾನ ಒಣಗಿಸುವ ತಾಲ್ಲೂಕಿನ ಶೆಡ್ಡು ಫೈಬರ್ ಗಾಡಿಗೆ ಒಂದು ರೀತಿಯಲ್ಲಿ ವರವೇ. ಆದರೆ ಟಿಂಕರಿಂಗ್ ಮಾಡುವವರೆಲ್ಲ ಫೈಬರ್ ಬಲ್ಲವರಲ್ಲ. ಬಸ್ಸಿನ ಮೂತಿ-ಬೆನ್ನಿನ ಫೈಬರ್ ಭಾಗ ಕಟ್ಟುವವರು, ರಿಪೇರಿ ಮಾಡುವವರು ಇದಕ್ಕೆ ಸರಿಯಾದ ಜನ. ಖಾಸಗಿ ಬಸ್ಸುಗಳ ಓಡಾಟ ಇಷ್ಟೊಂದು ಇರುವ ನಮ್ಮ ಕಡೆ ಅಂಥವರನ್ನು ಹುಡುಕುವುದು ಕಷ್ಟವಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಗೆ ಸೇರಿದ್ದರೂ ಬಣ್ಣದವನ ಲೆಕ್ಕದಲ್ಲಿ ಒಂದೇ ಅಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾದದ್ದು ತೀರಾ ಈಚೆಗೆ. ಅದಕ್ಕೇ ಇಲ್ಲಿನ ಹಳೇ ಗಾಡಿಗಳ ನಂಬರ್ ಪ್ಲೇಟಿನಲ್ಲಿ ಕೆಎ-17ರ ಜೊತೆ ಕೆಎ-14, ಕೆಎ-16 ಕೂಡ ಕಾಣುತ್ತವೆ. ಬಣ್ಣದ ಡಬ್ಬಿ ತರಲು, ಮಿಕ್ಸಿಂಗ್ ಮಾಡಿಸಲು ನ್ಯಾಮತಿ ಕಡೆಯವರಿಗೆ ಶಿವಮೊಗ್ಗವೇ ಹತ್ತಿರ, ಜಗಳೂರಿನವರಿಗೆ ದಾವಣಗೆರೆ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಗಾಳಿಯದು. ನ್ಯಾಮತಿ, ಹೊನ್ನಾಳಿಗಳಲ್ಲಿ ಮಲೆನಾಡಿನ ಸೆರಗಿನ ತೇವ ಇದೆ, ಹೊನ್ನಾಳಿಗೆ ತುಂಗಭದ್ರೆ ಊರ ಪಕ್ಕದಲ್ಲೇ ಇದ್ದಾಳೆ. ಆಷಾಢ-ಶ್ರಾವಣದಲ್ಲಿ ಇಲ್ಲಿ ಹಳೇ ಕಾಲದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆದರೆ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರಿನ ಅಂಶ ಅದರ ಮೇಲೆ ಇಬ್ಬನಿಯಂತೆ ಇಳಿಯುವುದೇ ಕಾರಣ. ಅಗ್ಗದ ಲೋಕಲ್ ಥಿನ್ನರ್ ಬೇಗ ಹಾರಿಹೋಗುವುದರಿಂದ ಈ ಕಾಟ ಹೆಚ್ಚು. ಕಂಪ್ರೆಸರ್ ಟ್ಯಾಂಕಿನಲ್ಲೂ ನೀರು ನಿಲ್ಲುತ್ತದೆ. ಬೆಳಿಗ್ಗೆ ಕೆಳಗಿನ ನಲ್ಲಿ ಬಿಚ್ಚಿ ನೀರು ಬಿಡದವನ ಗನ್ನಿನಿಂದ ಬಣ್ಣದ ಜೊತೆ ಹನಿಯೂ ಬರುತ್ತದೆ. ಜಗಳೂರಿನದು ಇದಕ್ಕೆ ತದ್ವಿರುದ್ಧ. ತುಂಗಭದ್ರೆಯ ನೀರು ಪೈಪಿನಲ್ಲಿ ಬಂದು ಕೆರೆಗಳನ್ನು ಸೇರುತ್ತಿದ್ದರೂ ಅಲ್ಲಿನ ಗಾಳಿ ಒಣಗಾಳಿಯೇ. ಬಣ್ಣಕ್ಕೆ ಅದು ಒಳ್ಳೆಯದು, ಆದರೆ ಧೂಳು ಕಾಟ ಕೊಡುತ್ತದೆ. ಗಾಳಿ ಏಳುವ ಮೊದಲು, ಬೆಳಗಿನ ಹೊತ್ತಲ್ಲೇ, ಶೆಡ್ಡಿಗೆ ಟಾರ್ಪಾಲು ಬಿಗಿದು ನೆಲಕ್ಕೆ ನೀರು ಚಿಮುಕಿಸಿ ಹೊಡೆಯಬೇಕು. ನಿಧಾನ ಒಣಗುವ ಸಿಂಥೆಟಿಕ್ ಎನಾಮಲ್ ಅಲ್ಲಿ ಬೇಡವೇ ಬೇಡ, ಗಂಟೆಗಟ್ಟಲೆ ಅಂಟಾಗಿದ್ದು ಊರಿನ ಧೂಳನ್ನೆಲ್ಲ ಕರೆದುಕೊಳ್ಳುತ್ತದೆ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ಬಾಡಿಗೆ ಗಾಡಿಗಳು ಬಿಡುವಿಲ್ಲದೆ ಓಡುತ್ತವೆ, ಕೊಯ್ಲು ಮುಗಿದು ಕೈಯಲ್ಲಿ ದುಡ್ಡು ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಶೆಡ್ಡಿಗೆ ಬರುತ್ತಾರೆ. ಆಯುಧಪೂಜೆಗೆ ಮುಂಚಿನ ಒಂದು ತಿಂಗಳಂತೂ ನಾಲ್ಕೂ ಊರಿನಲ್ಲಿ ಯಾವ ಪೇಂಟರೂ ಪುರುಸೊತ್ತಾಗಿ ಸಿಗುವುದಿಲ್ಲ.

ಆಗ ಹೋಗಿ ಹಳೇ ಕಾರು ನಿಲ್ಲಿಸಿದರೆ ಅದು ಮೂಲೆ ಸೇರುತ್ತದೆ. ಲಾರಿ, ಟ್ರ್ಯಾಕ್ಟರ್ ನಿಂತರೆ ಅದರ ಮಾಲೀಕನಿಗೆ ದಿನದ ದುಡಿಮೆ ಹೋಗುತ್ತದೆ, ನಿಮ್ಮ ಕಾರು ನಿಂತರೆ ಯಾರ ಒಲೆಯೂ ಆರುವುದಿಲ್ಲ. ಪೇಂಟರ್ ಮೊದಲು ಲಾರಿ ಮುಗಿಸಿದರೆ ಅದು ನ್ಯಾಯವೇ. ಹಬ್ಬ ಕಳೆದ ಮೇಲೆ, ಚಳಿಗಾಲದ ಒಣಹವೆಯಲ್ಲಿ, ಶೆಡ್ಡು ಖಾಲಿ ಇದ್ದಾಗ ಹೋಗಿ ‘ಆತುರ ಇಲ್ಲ, ಬಿಡುವಾದಾಗ ಮಾಡಿ’ ಎಂದರೆ ದರವೂ ಇಳಿಯುತ್ತದೆ, ಕೆಲಸವೂ ಚೆನ್ನಾಗಿ ಆಗುತ್ತದೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ರಿಯಾಯಿತಿ ಇಲ್ಲ.

ದರ ಮಾತಾಡುವಾಗ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ, ‘ಸಾದಾ ಮಾಡ್ಲೋ ಅಣ್ಣಾರೆ, ಗಟ್ಟಿ ಮಾಡ್ಲೋ?’ ಸಾದಾ ಎಂದರೆ ಹಳೇ ಬಣ್ಣದ ಮೇಲೆ ತಿಕ್ಕಿ ಹೊಡೆಯುವುದು. ಗಟ್ಟಿ ಎಂದರೆ ತಗಡಿನವರೆಗೆ ಇಳಿಯುವುದು. ಹಳೇ ಬಣ್ಣ ಮೈಗೆ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಸಾದಾ ತಪ್ಪಲ್ಲ, ಹಣವೂ ಉಳಿಯುತ್ತದೆ. ಉಗುರಿಗೆ ಏಳುತ್ತಿದ್ದರೆ ಮಾತ್ರ ಕೆಳಗಿಳಿಯಲೇಬೇಕು. ಹಳೇ ಪದರ ಲ್ಯಾಕರ್ ಆಗಿದ್ದರೆ ಹೊಸ ಪಿಯು ಬಣ್ಣದ ಥಿನ್ನರ್ ತಾಗಿ ಸುಕ್ಕುಗಟ್ಟುವುದುಂಟು. ಹತ್ತಿಯಲ್ಲಿ ಥಿನ್ನರ್ ಅದ್ದಿ ಮರೆಯ ಜಾಗದಲ್ಲಿ ಒರೆಸಿ ನೋಡಿದರೆ ಗೊತ್ತಾಗುತ್ತದೆ, ಬಣ್ಣ ಕರಗಿ ಹತ್ತಿಗೆ ಬಂದರೆ ಅದು ಲ್ಯಾಕರ್. ಲ್ಯಾಕರ್ ಕೀಳೇನಲ್ಲ. 1923-24ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಡ್ಯೂಕೋ ಬಂದು ಜನರಲ್ ಮೋಟರ್ಸಿನ ಓಕ್‌ಲ್ಯಾಂಡ್ ಕಾರಿಗೆ ನೀಲಿ ಮೈ ಕೊಟ್ಟಾಗಲೇ ವಾರಗಟ್ಟಲೆ ಬ್ರಷ್ಷಿನಲ್ಲಿ ಬಳಿದು ಒಣಗಿಸುವ ಕಾಲ ಮುಗಿದದ್ದು. ನಮ್ಮ ಬಡಗಿಗಳು ಇವತ್ತಿಗೂ ಡ್ಯೂಕೋ ಪೇಂಟ್ ಎನ್ನುವುದು ಆ ಹೆಸರನ್ನೇ.

ಮಾಲು ನೀವೇ ತಂದುಕೊಟ್ಟು ಮಜೂರಿ ಮಾತ್ರ ಒಪ್ಪಿಕೊಳ್ಳುವ ಪದ್ಧತಿ ನಮ್ಮ ಕಡೆ ಇದೆ, ಹಳೇ ಗಾಡಿಗೆ ಅದೇ ಸರಿ. ಯಾವ ಪ್ರೈಮರ್, ಎಷ್ಟು ಕೋಟ್, ತುಕ್ಕು ಕಂಡರೆ ಎಷ್ಟು ಹೆಚ್ಚುವರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಇಬ್ಬರಿಗೂ ನೆಮ್ಮದಿ. ಶೆಡ್ಡು ಆರಿಸುವಾಗ ಅಲ್ಲಿ ಇವತ್ತು ಹೊಳೆಯುತ್ತ ನಿಂತಿರುವ ಗಾಡಿ ನೋಡಬೇಡಿ, ಎರಡು ಮಳೆಗಾಲ ಕಂಡ ಗಾಡಿ ತೋರಿಸಿ ಎಂದು ಕೇಳಿ. ಅದರ ಹೆಡ್‌ಲೈಟ್ ಸುತ್ತಲಿನ ಅಂಚಿಗೆ ಉಗುರು ಹಾಯಿಸಿ, ಉದ್ದನೆಯ ಬದಿಯಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೇರವಾಗಿ ಬೀಳುತ್ತದೆಯೋ ನೀರಲೆಯಂತೆ ಬಾಗುತ್ತದೆಯೋ ನೋಡಿ. ಗಾಡಿ ಬಿಡುವ ಮೊದಲು ಡ್ಯಾಶ್‌ಬೋರ್ಡಿಗೆ ಬಳಿದ ಸಿಲಿಕಾನ್ ಪಾಲಿಷ್ ಪೂರ್ತಿ ಒರೆಸಿ. ಅದರ ಒಂದು ಹನಿ ಮೈಮೇಲೆ ಉಳಿದರೂ ಹೊಸ ಬಣ್ಣ ಅಲ್ಲಿ ನಿಲ್ಲದೆ ಸಣ್ಣ ಗುಳಿ ಬೀಳುತ್ತದೆ, ಪೇಂಟರುಗಳು ಅದಕ್ಕೆ ಫಿಶ್ ಐ ಎನ್ನುತ್ತಾರೆ.

ಇನ್ನೊಂದು ಖರ್ಚನ್ನು ಎಲ್ಲರೂ ಲೆಕ್ಕದಿಂದ ಬಿಡುತ್ತಾರೆ, ಅದನ್ನು ಬಿಡಬಾರದು ಎಂದು ಕೈಮುಗಿದು ಕೇಳುತ್ತೇನೆ. ಟೂ-ಕೆ ಬಣ್ಣದ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಸ್ಪ್ರೇ ಮಾಡುವವರಿಗೆ ಅಸ್ತಮಾ ತರುವ ರಾಸಾಯನಿಕಗಳಲ್ಲಿ ಅದು ಮುಖ್ಯವಾದದ್ದು. ಒಮ್ಮೆ ಮೈಗೆ ಆಗದಂತಾದರೆ ಆಮೇಲೆ ತೀರಾ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ, ಆ ಪೇಂಟರ್ ಕಸುಬನ್ನೇ ಬಿಡಬೇಕಾಗುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫು ಇದನ್ನು ತಡೆಯುವುದಿಲ್ಲ. ಕಾರ್ಟ್ರಿಡ್ಜ್ ಇರುವ ಮಾಸ್ಕ್ ಅದಕ್ಕಿಂತ ಎಷ್ಟೋ ಮೇಲು, ಹೊರಗಿನ ಶುದ್ಧ ಗಾಳಿ ಕೊಡುವ ಮುಖಗವಸು ಇನ್ನೂ ಮೇಲು. ಹಳೇ ಬಣ್ಣದಲ್ಲಿ ಸೀಸದ ಭಯವೂ ಇದೆ. ಸೀಸ 90 ಪಿಪಿಎಂ ಮೀರಬಾರದು ಎಂದು 2016ರಲ್ಲಿ ಬಂದ ನಿಯಮ ಮನೆಗೆ ಬಳಿಯುವ ಬಣ್ಣಕ್ಕೆ ಮಾತ್ರ, ವಾಹನದ ಬಣ್ಣ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ಮೂವತ್ತು ವರ್ಷದ ಹಳದಿ, ಕೆಂಪು ಬಣ್ಣವನ್ನು ಒಣ ತಿಕ್ಕಬಾರದು, ನೀರು ಹಾಕಿಯೇ ತಿಕ್ಕಬೇಕು, ಆ ಕೆಸರನ್ನು ಚರಂಡಿಗೆ ಬಿಡಬಾರದು. ಮಕ್ಕಳನ್ನು ಹತ್ತಿರ ಸೇರಿಸಬಾರದು. ಬಣ್ಣದ ಡಬ್ಬಿ ತರುವ ದಿನವೇ ಆ ಶೆಡ್ಡಿನವರಿಗೆ ಒಂದು ಒಳ್ಳೆಯ ಮಾಸ್ಕ್, ಎರಡು ಜೊತೆ ಕಾರ್ಟ್ರಿಡ್ಜ್ ತಂದುಕೊಡಿ. ಇಡೀ ಕಾರಿನ ಖರ್ಚಿನ ಮುಂದೆ ಅದು ದೊಡ್ಡ ಮೊತ್ತವಲ್ಲ. ಸಿಪಾನಿ ಕಾರ್ಖಾನೆ ಮುಚ್ಚಿ ದಶಕಗಳಾದರೂ ಅದರ ಕಾರಿಗೆ ಜೀವ ಕೊಡಬಲ್ಲವರು ಈ ಶೆಡ್ಡಿನವರೇ. ಅವರ ಎದೆ ಗಟ್ಟಿಯಿದ್ದರೆ ತಾನೇ ಮುಂದಿನ ಕಾರು?

ಬಣ್ಣ ಹೊಡೆದ ಮೇಲೆ ಒಂದು ತಿಂಗಳು ವ್ಯಾಕ್ಸ್, ಪಾಲಿಷ್ ಬೇಡ, ಬರಿ ನೀರಿನಲ್ಲಿ ನೆರಳಲ್ಲಿ ತೊಳೆಯಿರಿ. ಹಕ್ಕಿಯ ಹಿಕ್ಕೆ ಬಿದ್ದರೆ ಅವತ್ತೇ ಒರೆಸಿ, ಅದು ಎಳೆಯ ಬಣ್ಣವನ್ನು ಸುಡುತ್ತದೆ. ಉಳಿದ ಬಣ್ಣವನ್ನು ಹಾರ್ಡನರ್ ಸೇರಿಸದೆ ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ತುಂಬಿಸಿಕೊಳ್ಳಿ, ಮಿಕ್ಸಿಂಗ್ ಮಾಡಿದವರಿಂದ ಅದರ ಫಾರ್ಮುಲಾ ಚೀಟಿ ಕೇಳಿ ಪಡೆದು ಮುಚ್ಚಳಕ್ಕೆ ಅಂಟಿಸಿಡಿ. ಕಾಂಟೆಸ್ಸಾಕ್ಕೂ ಡಾಲ್ಫಿನ್‌ಗೂ ಮುಂದಿನ ಗೀರು ಬಿದ್ದಾಗ ಬೇಕಾಗುವ ಕಲರ್ ಕೋಡ್ ಆ ಚೀಟಿಯಲ್ಲಿ ಮಾತ್ರ ಇರುತ್ತದೆ.